ಪೆರೋಲಿನ ಕಡತದಲ್ಲಿ ಹೆಂಡತಿಗೂ ಒಂದು ಪ್ರಶ್ನೆ ಇರಲಿ

ಬಳ್ಳಾರಿಯ ಕೇಂದ್ರ ಕಾರಾಗೃಹದಲ್ಲಿ ಶಿಕ್ಷೆ ಅನುಭವಿಸುತ್ತಿರುವ ಕೈದಿಯೊಬ್ಬ ಪೆರೋಲ್ ಕೇಳಿ ಅರ್ಜಿ ಹಾಕಿದನೆಂದರೆ, ಅವನಿಗಿಂತ ಮೊದಲು ಅವನ ಅರ್ಜಿ ಊರು ಸೇರುತ್ತದೆ. ಊರು ಪಾಪಿನಾಯಕನಹಳ್ಳಿ ಎಂದಿಟ್ಟುಕೊಳ್ಳೋಣ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಜೈಲು ಒಂದು ಜಿಲ್ಲೆಯಲ್ಲಿ, ಕೈದಿಯ ಮನೆ ಇನ್ನೊಂದು ಜಿಲ್ಲೆಯಲ್ಲಿ. ಹಾಗಾಗಿ ಕಾಗದ ಹೊಸಪೇಟೆಯ ಪೊಲೀಸ್ ಅಧಿಕಾರಿಗಳ ಮೇಜಿಗೆ ಹೋಗಿ, ಅಲ್ಲಿಂದ ಠಾಣೆಗೆ ಇಳಿಯುತ್ತದೆ. ಠಾಣೆಯವರು ವಿಚಾರಿಸುವ ವಿಷಯಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಇವನು ಬಂದರೆ ಊರಿನಲ್ಲಿ ಶಾಂತಿಭಂಗವಾದೀತೇ? ದೂರು ಕೊಟ್ಟ ಕಡೆಯವರಿಗೆ ತೊಂದರೆ ಇದೆಯೇ? ತಿರುಗಿ ಜೈಲಿಗೆ ಹೋಗದೆ ತಲೆಮರೆಸಿಕೊಳ್ಳುವವನೇ? ಜಾಮೀನು ನಿಲ್ಲುವವರು ಯಾರು? ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಅವನು ರಾತ್ರಿ ಮಲಗಲು ಹೋಗುವ ಮನೆಯೊಳಗೆ ಇರುವವರು ಈ ಪ್ರಶ್ನೆಗಳ ಹೊರಗೇ ಉಳಿಯುತ್ತಾರೆ. ಜೈಲಿಗೆ ಹೋಗುವ ಮೊದಲು ಅವನು ಕುಡಿಯುತ್ತಿದ್ದನೇ, ಕುಡಿದು ಬಂದು ಹೆಂಡತಿಯ ಮೇಲೆ, ತಾಯಿಯ ಮೇಲೆ, ಮಕ್ಕಳ ಮೇಲೆ ಕೈ ಮಾಡುತ್ತಿದ್ದನೇ, ಈಗ ಅವನು ಬರುವುದು ಅವರಿಗೆ ಬೇಕೇ ಬೇಡವೇ ಎಂಬುದನ್ನು ಅವರೊಬ್ಬರನ್ನೇ ಕೂರಿಸಿಕೊಂಡು ಕೇಳುವ ಏರ್ಪಾಡು ಇಲ್ಲ. ಕೇಳಿದರೂ ಮನೆಯ ಕಟ್ಟೆಯ ಮೇಲೆ, ಮಾವ ಮೈದುನರ ಎದುರಿಗೆ, ‘ಒಪ್ಪಿಗೆ ಇದೆ ತಾನೇ’ ಎಂದು ಕೇಳಿದಂತಾಗುತ್ತದೆ. ಅವರ ಎದುರಿನಲ್ಲಿ ಯಾವ ಹೆಣ್ಣುಮಗಳು ಇಲ್ಲ ಎಂದಾಳು?

ಕುಡಿತವನ್ನೂ ಮನೆಯೊಳಗಿನ ಹೊಡೆತವನ್ನೂ ಪೆರೋಲ್ ವ್ಯವಸ್ಥೆ ಕೈದಿಯ ಖಾಸಗಿ ವಿಷಯವೆಂದು ಬಿಟ್ಟುಬಿಟ್ಟಿದೆ. ಹಾಗೆ ಬಿಡುವಂತಿಲ್ಲ. ಅಷ್ಟೇ ಮುಖ್ಯವಾದ ಇನ್ನೊಂದು ಮಾತೆಂದರೆ, ಇವೆರಡನ್ನೂ ಒಂದೇ ರೋಗವೆಂದು ತಿಳಿದು ಕುಡಿತ ಬಿಡಿಸಿದರೆ ಹೊಡೆತ ತಾನಾಗಿ ನಿಲ್ಲುತ್ತದೆ ಎಂದು ನಂಬುವುದೂ ತಪ್ಪು. ಗಂಡಸಿನ ಕುಡಿತಕ್ಕೆ ಚಿಕಿತ್ಸೆ ಬೇಕು. ಹೆಂಗಸಿನ ಸುರಕ್ಷತೆಗೆ, ಆ ಚಿಕಿತ್ಸೆ ಫಲಿಸಲಿ ಬಿಡಲಿ, ಬೇರೆಯೇ ಆದ ಕಾವಲು ಬೇಕು.

ಮೊದಲು ನಂಟಿನ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಅಂಕಿ ಓದಿದರೆ ತಲೆ ತಗ್ಗುತ್ತದೆ. 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿರುವುದಾಗಿ ಹೇಳಿದ್ದಾರೆ. ದೇಶದಲ್ಲೇ ಇದು ಅತಿ ಹೆಚ್ಚು. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 20.6 ಇತ್ತು. ಹೊಡೆತ ಹೆಚ್ಚಾಯಿತೋ, ಬಾಯಿಬಿಟ್ಟು ಹೇಳುವ ಧೈರ್ಯ ಹೆಚ್ಚಾಯಿತೋ ಎಂದು ವಾದಿಸಬಹುದು; ಎರಡನೆಯದೇ ನಿಜವಾದರೆ ಮೊದಲಿನ ಮೌನ ಎಷ್ಟು ದಪ್ಪಗಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಅದೇ ಸಮೀಕ್ಷೆಯ ಅಖಿಲ ಭಾರತ ವರದಿ ಇನ್ನೊಂದು ಸಂಗತಿ ಹೇಳುತ್ತದೆ. ಗಂಡ ಆಗಾಗ ಕುಡಿದು ಮತ್ತನಾಗುವ ಮನೆಗಳಲ್ಲಿ ಹತ್ತಕ್ಕೆ ಏಳು ಹೆಂಗಸರು ಹಿಂಸೆ ಕಂಡಿದ್ದಾರೆ; ಗಂಡ ಕುಡಿಯದ ಮನೆಗಳಲ್ಲಿ ಈ ಪ್ರಮಾಣ ಹತ್ತಕ್ಕೆ ಎರಡರಿಂದ ಮೂರು. ಹೀಗೆ ಹಿಂಸೆ ಕಂಡವರಲ್ಲಿ ಸಹಾಯ ಕೇಳಿದವರು ಶೇ 14 ಮಾತ್ರ. ಶೇ 77 ಮಂದಿ ಯಾರಿಗೂ ಹೇಳಿಕೊಂಡೇ ಇಲ್ಲ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯ ನೆರಳಿನಲ್ಲಿ ಎಷ್ಟು ನೋವು ಮುಚ್ಚಿಹೋಗಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಲೆಕ್ಕ ಬೇಡ.

ಇದು ಊರಿನ ಎಲ್ಲ ಮನೆಗಳ ಲೆಕ್ಕ. ಜೈಲಿನ ಗೋಡೆಯೊಳಗೆ ಹೋದರೆ ಚಿತ್ರ ಇನ್ನೂ ಗಾಢವಾಗುತ್ತದೆ. ನಿಮ್ಹಾನ್ಸ್ ತಜ್ಞರು ಬೆಂಗಳೂರಿನ ಪರಪ್ಪನ ಅಗ್ರಹಾರ ಕಾರಾಗೃಹದ 5,024 ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ಟರು. ಅವರಲ್ಲಿ ಶೇ 79.6ರಷ್ಟು ಮಂದಿಗೆ ಮಾನಸಿಕ ಕಾಯಿಲೆ ಇಲ್ಲವೇ ಮಾದಕ ವಸ್ತುಗಳ ಬಳಕೆಯ ಸಮಸ್ಯೆ ಇತ್ತು. ಮಾದಕ ಬಳಕೆಯನ್ನು ಲೆಕ್ಕದಿಂದ ತೆಗೆದರೆ ಆ ಸಂಖ್ಯೆ ಶೇ 27.6ಕ್ಕೆ ಇಳಿಯುತ್ತದೆ. ನಡುವಿನ ಅಂತರ ಎಷ್ಟು ದೊಡ್ಡದೆಂದು ನೋಡಿ: ಜೈಲು ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮದ್ಯ, ತಂಬಾಕು, ಗಾಂಜಾ ಇತ್ಯಾದಿಗಳ ಗಂಟನ್ನು ಹೊತ್ತುಕೊಂಡೇ ಒಳಗೆ ಹೋಗುತ್ತಾರೆ. ಒಳಗೆ ಮದ್ಯ ಸಿಗದ ಕಾರಣ ಕುಡಿತ ನಿಲ್ಲುತ್ತದೆ. ನಿಂತದ್ದನ್ನು ಜೈಲೂ ಮನೆಯವರೂ ಕೈದಿಯೂ ‘ಬಿಟ್ಟಿದ್ದಾನೆ’ ಎಂದು ಓದಿಕೊಳ್ಳುತ್ತಾರೆ. ಸಿಗದೆ ಬಿಡುವುದಕ್ಕೂ ಸಿಕ್ಕಾಗ ಬಿಡುವುದಕ್ಕೂ ಇರುವ ದೂರ ಪೆರೋಲಿನ ಮೊದಲ ದಿನವೇ ಗೊತ್ತಾಗುವುದು. ಸಂಬಂಧಿಕರು, ಗೆಳೆಯರು ಸುತ್ತ ನೆರೆಯುತ್ತಾರೆ. ವರ್ಷಗಳ ಮೇಲೆ ಬಂದವನಿಗೆ ಒಂದು ಕ್ವಾರ್ಟರ್ ಕೊಡಿಸುವುದು ಆದರದ ಗುರುತೆಂದು ನಡೆದುಬಂದಿದೆ. ವರ್ಷಗಟ್ಟಲೆ ಕುಡಿಯದ ಮೈಗೆ ಹಳೆಯ ಅಳತೆಯೇ ಅತಿಯಾಗುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ 30,237 ಕೈದಿಗಳ ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊರಬಂದ ಮೊದಲ ಎರಡು ವಾರಗಳಲ್ಲಿ ಅವರು ಸಾಯುವ ಸಂಭವ ಇತರರಿಗಿಂತ ಸುಮಾರು 13 ಪಟ್ಟು ಹೆಚ್ಚಿತ್ತು. ಮಾದಕ ವಸ್ತುಗಳ ಅತಿಸೇವನೆಯೇ ದೊಡ್ಡ ಕಾರಣ. ಅಲ್ಲಿನ ವಸ್ತುಗಳು ಬೇರೆ, ನಮ್ಮವು ಬೇರೆ. ಆದರೂ ಬಾಗಿಲು ತೆರೆದ ಮೊದಲ ದಿನಗಳೇ ಅತ್ಯಂತ ಅಪಾಯದವು ಎಂಬುದು ಇಲ್ಲಿಗೂ ಅನ್ವಯಿಸುತ್ತದೆ. ಪೂರ್ತಿ ಬಿಡುಗಡೆಯಾದವನಿಗೆ ಆ ದಿನಗಳು ಒಮ್ಮೆ ಬರುತ್ತವೆ. ಪೆರೋಲಿನ ಮೇಲೆ ಬಂದುಹೋಗುವವನ ಮನೆಗೆ ಅವು ಮತ್ತೆ ಮತ್ತೆ ಬರುತ್ತವೆ.

ಇದಕ್ಕೆ ಪೆರೋಲಿನದೇ ಆದ ಒತ್ತಡಗಳು ಸೇರುತ್ತವೆ. ತಾನಿಲ್ಲದ ಹೊತ್ತಿನಲ್ಲಿ ಹೆಂಡತಿ ಮನೆ ನಡೆಸಿದ್ದಾಳೆ, ದುಡಿದಿದ್ದಾಳೆ, ಸಾಲ ತಂದಿದ್ದಾಳೆ, ಸಂಘದಲ್ಲಿ ಕಟ್ಟಿದ್ದಾಳೆ, ಮಕ್ಕಳ ಶಾಲೆಯ ನಿರ್ಧಾರ ಮಾಡಿದ್ದಾಳೆ. ಹೊಸಪೇಟೆ, ಸಂಡೂರು ಕಡೆಯ ಗಣಿ ಊರುಗಳಲ್ಲಿ ಇದು ಮಾಮೂಲಿ ಸಂಗತಿ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ, ಲೋಡಿಂಗ್ ಕೆಲಸ ಕಳೆದುಕೊಂಡ ಮನೆಗಳನ್ನು ನಡೆಸಿದವರೂ ಹೆಂಗಸರೇ. ಆ ಮನೆಗೆ ಯಜಮಾನಿಕೆ ವಾಪಸು ಕೇಳಿಕೊಂಡು ಒಬ್ಬ ಬರುತ್ತಾನೆ, ಅದೂ ಎಣಿಸಿದ ದಿನಗಳಿಗೆ. ಸಂಶಯ, ಅವಮಾನ, ಹೊತ್ತು ಮೀರುತ್ತಿರುವ ತಳಮಳ ಇವೆಲ್ಲದರ ಮೇಲೆ ಮದ್ಯ. ಇಂಥ ಮನೆಯಲ್ಲಿ ಏನಾಗಬಹುದೆಂದು ಊಹಿಸಲು ತಜ್ಞರು ಬೇಡ. ಹೀಗಿದ್ದೂ ಹೆಂಡತಿ ಠಾಣೆಗೆ ಹೋಗುವುದಿಲ್ಲ. ಹೋದರೆ ಪೆರೋಲ್ ರದ್ದಾಗುತ್ತದೆ, ಮುಂದಿನ ಅರ್ಜಿಗೂ ಕಲ್ಲು ಬೀಳುತ್ತದೆ, ಜಾಮೀನು ನಿಂತ ಭಾವನೋ ಚಿಕ್ಕಪ್ಪನೋ ಹಣ ಕಳೆದುಕೊಳ್ಳುತ್ತಾನೆ. ಇಡೀ ಬಳಗದ ಸಿಟ್ಟು ಅವಳ ಮೇಲೆ ಬೀಳುತ್ತದೆ. ಅಂದರೆ ಜಾಮೀನಿನ ಈ ಏರ್ಪಾಡೇ ಅವಳ ಬಾಯಿ ಕಟ್ಟುತ್ತದೆ. ದೇಶದ ಜೈಲು ಅಂಕಿಅಂಶ ವರದಿಯು ಪೆರೋಲ್ ಮೇಲೆ ಹೋಗಿ ತಪ್ಪಿಸಿಕೊಂಡವರನ್ನು ಎಣಿಸುತ್ತದೆ. ಸರಿಯಾದ ದಿನ ಜೈಲಿನ ಬಾಗಿಲಿಗೆ ಮರಳಿದವನು ಆ ವರದಿಯ ಲೆಕ್ಕದಲ್ಲಿ ಸನ್ನಡತೆಯವನು, ಮನೆಯಲ್ಲಿ ಅವನು ಹೇಗೆ ನಡೆದುಕೊಂಡಿದ್ದರೂ.

ಹಾಗಾದರೆ ಮದ್ಯವೇ ಕಾರಣ, ಅದನ್ನೇ ತೆಗೆದರಾಯಿತು ಎಂಬ ಮಾತು ಸಹಜವಾಗಿ ಬರುತ್ತದೆ. ಈ ಸೀಮೆಯ ಹೆಂಗಸರೇ ಅದನ್ನು ಗಟ್ಟಿಯಾಗಿ ಹೇಳಿದ್ದಾರೆ. 2019ರ ಜನವರಿಯಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ ಮುಂತಾದ ಜಿಲ್ಲೆಗಳ ಸಾವಿರಾರು ಮಹಿಳೆಯರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು. ಅವರ ಕಾಲಿನ ಬೊಬ್ಬೆಗಳಿಗೆ ಗೌರವ ಕೊಡದೆ ಈ ವಿಷಯ ಮಾತಾಡುವ ಅಧಿಕಾರ ಯಾರಿಗೂ ಇಲ್ಲ. ಅವರ ಕಡೆ ಪುರಾವೆಯೂ ಇದೆ: ಬಿಹಾರದಲ್ಲಿ 2016ರ ಪಾನನಿಷೇಧದಿಂದ ಸುಮಾರು 21 ಲಕ್ಷ ಮಹಿಳೆಯರ ಮೇಲಿನ ಸಂಗಾತಿಯ ಹಿಂಸೆ ತಪ್ಪಿದೆ ಎಂದು ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ 2024ರಲ್ಲಿ ಬಂದ ಅಧ್ಯಯನ ಅಂದಾಜು ಮಾಡಿತು. ಅದೇ ಬಿಹಾರದಲ್ಲಿ ಕಳ್ಳಭಟ್ಟಿಯ ಸಾವುಗಳೂ ಕುಡಿದ ತಪ್ಪಿಗೆ ಜೈಲು ಸೇರಿದ ಬಡವರೂ ಹೆಚ್ಚಿದರು. ನಮ್ಮಲ್ಲಿ 2007ರ ಜುಲೈ 1ರಂದು ಸಾರಾಯಿ ನಿಂತಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮು ಬಂದವು. 2025-26ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ನಿಷೇಧ ಬೇಕೋ ಬೇಡವೋ ಎಂಬುದು ದೊಡ್ಡ ಚರ್ಚೆ, ಅದು ನಡೆಯಲಿ. ಆ ಚರ್ಚೆ ಮುಗಿಯುವ ತನಕ ಪೆರೋಲಿನ ಮೇಲೆ ಬರುವ ಗಂಡನ ಮುಂದೆ ಹೆಂಡತಿಯನ್ನು ಬರಿಗೈಯಲ್ಲಿ ನಿಲ್ಲಿಸಲಾಗದು.

ಮದ್ಯವೊಂದೇ ಕಾರಣವಲ್ಲ ಎನ್ನುವುದಕ್ಕೂ ಪುರಾವೆ ನಮ್ಮ ಕೈಯಲ್ಲೇ ಇದೆ. 2020ರ ಮಾರ್ಚ್ ಕೊನೆಯಿಂದ ಮೇ 4ರ ತನಕ ಕರ್ನಾಟಕದಲ್ಲಿ ಮದ್ಯದಂಗಡಿಗಳು ಮುಚ್ಚಿದ್ದವು. ದೇಶದ ಉಳಿದೆಡೆಯೂ ಹಾಗೆಯೇ. ಮದ್ಯವೇ ಹಿಂಸೆಯ ಮೂಲವಾಗಿದ್ದರೆ ಆ ವಾರಗಳು ಹೆಂಗಸರಿಗೆ ನೆಮ್ಮದಿಯ ವಾರಗಳಾಗಬೇಕಿತ್ತು. ಆದದ್ದು ಬೇರೆ: ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಕೌಟುಂಬಿಕ ಹಿಂಸೆಯ ದೂರುಗಳು ಏರಿ, ಏಪ್ರಿಲ್‌ನಲ್ಲಿ ಆಯೋಗ ವಾಟ್ಸ್ಆ್ಯಪ್ ಸಂಖ್ಯೆಯನ್ನೇ ತೆರೆಯಬೇಕಾಯಿತು. ಗಂಡಸರು ದಿನವಿಡೀ ಮನೆಯಲ್ಲೇ ಇದ್ದರು, ಕೆಲಸ ಇರಲಿಲ್ಲ, ಕುಡಿತ ಸಿಗದ ಚಡಪಡಿಕೆಯೂ ಇತ್ತು, ನಿಜ. ಆದರೆ ಬಾಟಲಿ ಇಲ್ಲದೆಯೂ ಕೈ ಎದ್ದಿತು ಎಂಬುದು ಉಳಿಯುವ ಸತ್ಯ. ಅದಕ್ಕಿಂತ ಖಚಿತವಾದ ಉತ್ತರ ಪಕ್ಕದ ಗೋವಾದಿಂದ ಬಂದಿದೆ. ಅಲ್ಲಿ ‘ಸಂಗಾತ್’ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುವ, ಅಪಾಯಕರವಾಗಿ ಕುಡಿಯುವ ಗಂಡಸರಿಗೆ ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಸಲಹೆಗಾರರಿಂದ ಒಂದರಿಂದ ನಾಲ್ಕು ಬಾರಿ ಆಪ್ತಸಲಹೆ ಕೊಡಿಸಿದರು. ಫಲಿತಾಂಶ 2017ರ ಆರಂಭದಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಮೂರು ತಿಂಗಳ ಹೊತ್ತಿಗೆ ಸಲಹೆ ಪಡೆದವರಲ್ಲಿ ಶೇ 42 ಮಂದಿ ಕುಡಿತದಿಂದ ದೂರವಿದ್ದರು. ಪಡೆಯದವರಲ್ಲಿ ಇದು ಶೇ 18. ಇಷ್ಟು ಅಗ್ಗದ, ಇಷ್ಟು ಸರಳ ಉಪಾಯ ಇಷ್ಟು ಕೆಲಸ ಮಾಡಿದ್ದು ಸಂತೋಷದ ಸುದ್ದಿ. ಆದರೆ ಅದೇ ಅಧ್ಯಯನದಲ್ಲಿ ಹೆಂಡತಿಯ ಮೇಲಿನ ಹಿಂಸೆಯಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ಈ ಎರಡು ಫಲಿತಾಂಶಗಳನ್ನು ಒಟ್ಟಿಗೆ ಓದಿದವರು ‘ಮೊದಲು ಕುಡಿತ ಬಿಡಲಿ, ಉಳಿದದ್ದು ಸರಿಹೋಗುತ್ತದೆ’ ಎಂಬ ಭರವಸೆಯನ್ನು ಯಾವ ಹೆಣ್ಣಿಗೂ ಕೊಡಲಾರರು.

‘ಕುಡಿದಾಗ ಮಾತ್ರ ಹೀಗೆ, ಇಲ್ಲದಿದ್ದರೆ ದೇವರಂಥ ಮನುಷ್ಯ’ ಎಂಬ ಮಾತನ್ನು ಹೊಡೆಸಿಕೊಂಡವರೇ ಹೇಳುವುದುಂಟು. ಬದುಕುವುದಕ್ಕೆ ಅವರಿಗೆ ಆ ಸಮಾಧಾನ ಬೇಕಾಗಿರಬಹುದು, ಅದನ್ನು ಅವರಿಂದ ಕಸಿಯಬೇಕಿಲ್ಲ. ಅಧಿಕಾರಿಗಳು ಮಾತ್ರ ಅದನ್ನು ಒಪ್ಪಿಕೊಳ್ಳಬಾರದು. ಕುಡಿದವನು ಪೆರೋಲಿನ ಸಹಿ ಹಾಕಲು ಠಾಣೆಗೆ ಹೋದಾಗ ಪೇದೆಯ ಮೇಲೆ ಕೈ ಎತ್ತುವುದಿಲ್ಲ. ಗಣಿಯ ಮೇಸ್ತ್ರಿಯ ಮೇಲೆ, ಸಾಲ ಕೊಟ್ಟವನ ಮೇಲೆ ಎತ್ತುವುದಿಲ್ಲ. ಎಲ್ಲಿ ಎತ್ತಬಹುದು, ಎಲ್ಲಿ ಎತ್ತಬಾರದು ಎಂಬ ವಿವೇಕ ಮತ್ತಿನಲ್ಲೂ ಉಳಿದಿರುತ್ತದೆ. ಮದ್ಯ ಹಿಡಿತವನ್ನು ಸಡಿಲಿಸುತ್ತದೆ, ಹೊಡೆತವನ್ನು ಹೆಚ್ಚು ಕ್ರೂರವಾಗಿಸುತ್ತದೆ. ಹೊಡೆಯುವ ಹಕ್ಕು ತನಗಿದೆ ಎಂಬ ತಿಳುವಳಿಕೆಯನ್ನು ಅವನಿಗೆ ಕೊಟ್ಟದ್ದು ನಾವು, ಸಮಾಜ.

ಹಾಗಾದರೆ ಮಾಡಬೇಕಾದದ್ದೇನು? ಪೆರೋಲ್ ಅರ್ಜಿ ಊರಿಗೆ ಬಂದಾಗ ಠಾಣೆಯ ವಿಚಾರಣೆಯ ಜೊತೆಗೆ, ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ನೇಮಕವಾದ ಸಂರಕ್ಷಣಾಧಿಕಾರಿ ಅಥವಾ ಅವರು ಕಳಿಸಿದ ಮಹಿಳೆ ಕೈದಿಯ ಹೆಂಡತಿಯನ್ನೋ ತಾಯಿಯನ್ನೋ ಒಬ್ಬರನ್ನೇ ಕಂಡು ಮಾತಾಡಬೇಕು. 2005ರ ಆ ಕಾಯ್ದೆಗಾಗಿ ಹೊಸ ಹುದ್ದೆ ಸೃಷ್ಟಿಸಬೇಕಿಲ್ಲ. ಕರ್ನಾಟಕದಲ್ಲಿ ಮಕ್ಕಳ ಅಭಿವೃದ್ಧಿ ಯೋಜನಾಧಿಕಾರಿಗಳಿಗೇ ತಾಲ್ಲೂಕು ಮಟ್ಟದಲ್ಲಿ ಈ ಹೊಣೆ ಇದೆ. ಊರೂರಿನ ಅಂಗನವಾಡಿಗಳೂ ಅವರ ಕೈಕೆಳಗೇ ಇವೆ. ಆ ಹೆಂಗಸಿನ ಉತ್ತರ ಗುಟ್ಟಾಗಿರಬೇಕು, ಕೈದಿಗೆ ತೋರಿಸುವ ಕಡತದಲ್ಲಿ ಬರಬಾರದು. ಹಿಂಸೆಯ ಹಳೆಯ ಚರಿತ್ರೆ ಇದ್ದರೆ, ಪೆರೋಲಿನ ಅವಧಿಯಲ್ಲಿ ಅವನು ಇರಬೇಕಾದ ವಿಳಾಸವನ್ನೇ ಬದಲಿಸಬಹುದು: ಅಣ್ಣನ ಮನೆ, ತಂದೆಯ ಮನೆ, ಇನ್ನೊಂದು ಊರು. ಮಕ್ಕಳನ್ನು ಹಗಲು ಹೊತ್ತಿನಲ್ಲಿ, ಹಿರಿಯರ ಸಮಕ್ಷಮ ನೋಡಬಹುದು. ಅವಳು ಬಯಸಿದರೆ ಮ್ಯಾಜಿಸ್ಟ್ರೇಟರಿಂದ ಸಂರಕ್ಷಣಾ ಆದೇಶವನ್ನು ಅವನು ಬರುವ ಮೊದಲೇ ಪಡೆದಿಡಬಹುದು; ಅದನ್ನು ಮೀರುವುದು ಒಂದು ವರ್ಷದ ತನಕ ಜೈಲು ಆಗಬಹುದಾದ ಅಪರಾಧ.

ಕುಡಿತದ ಕಡೆಯ ಕೆಲಸ ಜೈಲಿನಲ್ಲೇ ಶುರುವಾಗಬೇಕು. ‘ಮದ್ಯಪಾನ ಮಾಡತಕ್ಕದ್ದಲ್ಲ’ ಎಂದು ಆದೇಶದಲ್ಲಿ ಒಂದು ಸಾಲು ಬರೆಯುವುದು ಚಿಕಿತ್ಸೆಯಾಗಲಾರದು. ಒಳಗೆ ಆಪ್ತಸಲಹೆ, ಬೇಕಾದವರಿಗೆ ಕುಡಿಯುವ ತಹತಹವನ್ನು ತಗ್ಗಿಸುವ ಔಷಧ, ಹೊರಬಂದ ದಿನದಿಂದ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಅದರ ಮುಂದುವರಿಕೆ ಇರಬೇಕು. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಬಗೆಯ ಸಹಾಯ ಸಿಗುತ್ತಿದೆ ಎಂದು ದೆಹಲಿಯ ಏಮ್ಸ್ 2019ರಲ್ಲಿ ಹೇಳಿತ್ತು. ಇಂಥ ಚಿಕಿತ್ಸೆ ಅಸಾಧ್ಯದ ಬಯಕೆ ಎನ್ನುವವರು ಈ ಜಿಲ್ಲೆಯದೇ ಚರಿತ್ರೆಯನ್ನು ನೆನೆಯಬೇಕು. 1985ರಲ್ಲಿ ನಿಮ್ಹಾನ್ಸ್ ಇಡೀ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಚಿಕಿತ್ಸೆಯನ್ನು ಊರ ಬಾಗಿಲಿಗೆ ತಂದಿತು. ಆಗ ಹೊಸಪೇಟೆ, ಸಂಡೂರು, ಕಂಪ್ಲಿಗಳೆಲ್ಲ ಆ ಜಿಲ್ಲೆಯಲ್ಲೇ ಇದ್ದವು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಆ ಪ್ರಯೋಗದ ಬಲದ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ದೇಶಕ್ಕೆ ದಾರಿ ತೋರಿಸಿದ ಜಿಲ್ಲೆಗೆ ತನ್ನದೇ ಜೈಲಿನಿಂದ ಹೊರಬರುವವರ ಕುಡಿತವನ್ನು ನೋಡಿಕೊಳ್ಳುವುದು ಆಗದ ಮಾತೇನಲ್ಲ. ಬರಿಯ ಉಪದೇಶ ಸಾಲದೆಂದರೆ ಅಮೆರಿಕದ ದಕ್ಷಿಣ ಡಕೋಟ ರಾಜ್ಯದ ಪಾಠವಿದೆ. ಅಲ್ಲಿ 2005ರಿಂದ, ಮದ್ಯ ಸಂಬಂಧಿ ಅಪರಾಧಿಗಳು ದಿನಕ್ಕೆರಡು ಬಾರಿ ಉಸಿರಿನ ಪರೀಕ್ಷೆಗೆ ಹಾಜರಾಗಬೇಕು. ಕುಡಿದದ್ದು ಕಂಡರೆ ಒಂದೆರಡು ದಿನದ ಬಂಧನ, ತಪ್ಪದೆ, ತಕ್ಷಣ. ಕೌಟುಂಬಿಕ ಹಿಂಸೆಯ ಬಂಧನಗಳು ಶೇ 9ರಷ್ಟು ಇಳಿದವೆಂದು 2013ರಲ್ಲಿ ರ‍್ಯಾಂಡ್ ಸಂಸ್ಥೆಯ ಸಂಶೋಧಕರು ಕಂಡುಕೊಂಡರು. ಶೇ 9 ಸಣ್ಣದೂ ಅಲ್ಲ, ಸಾಕೂ ಅಲ್ಲ. ನಮ್ಮ ಪೆರೋಲಿಗರು ಹೇಗೂ ಠಾಣೆಗೆ ಸಹಿ ಹಾಕಲು ಹೋಗುತ್ತಾರೆ. ಸಂಚಾರ ಪೊಲೀಸರ ಕೈಯಲ್ಲಿರುವ ಅದೇ ಉಪಕರಣ ಅಲ್ಲೂ ಇರಲಿ.

ಇಲ್ಲಿ ಗಂಭೀರ ಆಕ್ಷೇಪವೊಂದಿದೆ. ಪೆರೋಲಿನ ಉದ್ದೇಶವೇ ಕೈದಿಗೂ ಮನೆಗೂ ನಡುವಿನ ಎಳೆ ಕಡಿಯದಂತೆ ನೋಡಿಕೊಳ್ಳುವುದು. 2017ರಲ್ಲಿ ಅಷ್ಫಾಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. 2023ರಲ್ಲಿ ನಮ್ಮ ಹೈಕೋರ್ಟ್ ಮದುವೆಯಾಗುವುದಕ್ಕೂ ಕೈದಿಯೊಬ್ಬನಿಗೆ 15 ದಿನ ಪೆರೋಲ್ ಕೊಟ್ಟಿತು. ಹೆಂಡತಿಯ ಮಾತಿನ ಮೇಲೆ ಬಾಗಿಲು ಮುಚ್ಚುವುದಾದರೆ ಹಕ್ಕು ಹೋಗಿ ಕೃಪೆ ಉಳಿಯುತ್ತದೆ, ಹಗೆ ಸಾಧಿಸಲು ದಾರಿಯಾಗುತ್ತದೆ ಎಂಬ ಆತಂಕ ನ್ಯಾಯವಾದದ್ದೇ. ಅದಕ್ಕಾಗಿಯೇ ಅವಳ ಉತ್ತರ ಪೆರೋಲ್ ಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸಬಾರದು, ಯಾವ ಮನೆಯಲ್ಲಿ, ಯಾವ ಷರತ್ತಿನ ಮೇಲೆ ಎಂಬುದನ್ನು ತೀರ್ಮಾನಿಸಬೇಕು. ಹೆಂಡತಿಯೇ ಗಂಡ ಬರಲಿ ಎಂದು ಹಂಬಲಿಸುವ ಮನೆಗಳು ಸಾಕಷ್ಟಿವೆ. ಅಲ್ಲಿ ಈ ಪ್ರಶ್ನೆ ಅವನಿಗೆ ನೆರವೇ ಆಗುತ್ತದೆ, ಠಾಣೆಯ ಯಾಂತ್ರಿಕ ಆಕ್ಷೇಪಕ್ಕೆ ಎದುರಾಗಿ ಮನೆಯ ದನಿ ನಿಲ್ಲುತ್ತದೆ. ಕಾಲಿಗೆ ಎಲೆಕ್ಟ್ರಾನಿಕ್ ಪಟ್ಟಿ ಕಟ್ಟುವ ಮಾತು 2023ರ ಮಾದರಿ ಕಾರಾಗೃಹ ಕಾಯ್ದೆಯಲ್ಲಿ ಬಂದಿದೆ. ಅದರ ಮೇಲೆ ನನಗೆ ವಿಶ್ವಾಸ ಕಡಿಮೆ. ಜಾಮೀನಿನ ಮೇಲಿದ್ದವನ ಚಲನವಲನವನ್ನು ಸದಾ ಹಿಂಬಾಲಿಸುವುದು ಖಾಸಗಿತನಕ್ಕೆ ಧಕ್ಕೆ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದ ಮಾತು ಒಂದು ಕಡೆ ಇರಲಿ. ಆ ಪಟ್ಟಿ ಅವನು ಮನೆಯಲ್ಲಿದ್ದಾನೆ ಎಂದಷ್ಟೇ ತೋರಿಸುತ್ತದೆ. ಇಲ್ಲಿ ಅಪಾಯವಿರುವುದೇ ಮನೆಯಲ್ಲಿ.

ಹಣವಿಲ್ಲ ಎಂಬ ಮಾತನ್ನು ಬೇರೆ ಜಿಲ್ಲೆಯವರು ಹೇಳಿದರೆ ಕೇಳಬಹುದು. ಸಂಡೂರಿನ ಬೆಟ್ಟಗಳಿಂದ ಅದಿರು ಹೊರಡುವ ಈ ಸೀಮೆಯಲ್ಲಿ ಹೇಳುವಂತಿಲ್ಲ. ಗಣಿಬಾಧಿತ ಜನರಿಗಾಗಿಯೇ 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಸೇರುತ್ತಿದೆ. ಆರೋಗ್ಯ, ಮಹಿಳೆ ಮತ್ತು ಮಕ್ಕಳ ಕಲ್ಯಾಣ ಅದರ ಆದ್ಯತೆಯ ಪಟ್ಟಿಯಲ್ಲೇ ಇವೆ. ರಸ್ತೆ, ಕಟ್ಟಡಗಳಿಗೆ ಹೋಗುವ ಆ ಹಣದ ಒಂದು ಸಣ್ಣ ಪಾಲಿನಲ್ಲಿ ಹೊಸಪೇಟೆ, ಸಂಡೂರು, ಕಂಪ್ಲಿ ತಾಲ್ಲೂಕುಗಳಿಗೆ ಒಬ್ಬೊಬ್ಬ ಆಪ್ತಸಲಹೆಗಾರರು, ಒಬ್ಬೊಬ್ಬ ಮಹಿಳಾ ಕ್ಷೇತ್ರ ಕಾರ್ಯಕರ್ತೆ ದೊರೆತಾರು. ಪೆರೋಲಿನ ಮೇಲೆ ಬರುವವರೇ ಕೆಲವರು, ಅವರಿಗಾಗಿ ಇಷ್ಟೆಲ್ಲ ಏಕೆ ಎನ್ನುವವರಿಗೆ ಉತ್ತರವೂ ಅದೇ: ಕೆಲವರೇ ಆದ್ದರಿಂದ ಇದು ಸಾಧ್ಯ. ಸರ್ಕಾರಕ್ಕೆ ಅವರು ಬರುವ ದಿನ ಗೊತ್ತು, ಮನೆ ಗೊತ್ತು, ಹೋಗುವ ದಿನ ಗೊತ್ತು. ಉಳಿದ ಲಕ್ಷಾಂತರ ಮನೆಗಳಲ್ಲಿ ನಡೆಯುವ ಹಿಂಸೆಗೆ ‘ನಮಗೆ ತಿಳಿಯಲಿಲ್ಲ’ ಎನ್ನಬಹುದೇನೋ. ತಾನೇ ಸಹಿ ಹಾಕಿ ಕಳುಹಿಸಿದ ಮನುಷ್ಯನ ವಿಷಯದಲ್ಲಿ ಸರ್ಕಾರ ಹಾಗೆನ್ನುವಂತಿಲ್ಲ.

ಕಾರಾಗೃಹ ಇಲಾಖೆಯೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯೂ ಒಂದು ಜಂಟಿ ಸುತ್ತೋಲೆ ಹೊರಡಿಸಿದರೆ ಈ ಕೆಲಸ ಶುರುವಾಗುತ್ತದೆ. ಬಳ್ಳಾರಿ, ವಿಜಯನಗರ ಜಿಲ್ಲಾಧಿಕಾರಿಗಳು ಕೂತು ಮಾತಾಡಿದರೆ ಇಲ್ಲಿಂದಲೇ ಶುರುವಾಗಬಹುದು. ಅಲ್ಲಿಯ ತನಕ, ಇಂಥ ಮನೆಯ ಪಕ್ಕದಲ್ಲಿರುವವರು ಈ ಸಂಖ್ಯೆಗಳನ್ನು ಬರೆದಿಟ್ಟುಕೊಂಡು, ಬೇಕಾದವರ ಕೈಗೆ ಮುಟ್ಟಿಸಿ: ಮಹಿಳಾ ಸಹಾಯವಾಣಿ 181, ತುರ್ತು ಪೊಲೀಸ್ ನೆರವಿಗೆ 112, ಕುಡಿತ ಮತ್ತು ಮಾದಕ ಚಟ ಬಿಡಲು ಸಹಾಯ ಬೇಕಾದವರಿಗೆ 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416.